ಉಳಿದ ಅರ್ಧ ಹಿತ್ತಲಲ್ಲಿತ್ತು

ಮರಳಿ, ಗಂಗಾವತಿ ತಾಲ್ಲೂಕು
3 ಸೆಪ್ಟೆಂಬರ್ 2025

ಅಕ್ಕಾ,

ಕಾಗದ ಕಂಡು ನಗಬೇಡ. ಭಾನುವಾರದಿಂದ ಮನೆಯ ಮೂರೂ ಫೋನು ಬಂದ್ ಆಗಿವೆ. ಬೈಗುಳದ ಕರೆ ತಾಳಲಾರದೆ ಹಾಲೇಶನೇ ಬಂದ್ ಮಾಡಿ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದಾನೆ. ಗಂಡನನ್ನು ಹೆಸರು ಹಿಡಿದು ಏಕವಚನದಲ್ಲಿ ಬರೆದದ್ದನ್ನು ಅತ್ತೆ ನೋಡಿದರೆ ಬೈಯುತ್ತಾರೆ, ಬೈಯಲಿ. ಮರ್ಯಾದೆ ಕೂಡಿಸಿ ಬರೆಯುವಷ್ಟು ಸಮಾಧಾನ ನನಗೀಗ ಇಲ್ಲ.

ಆ ವಿಡಿಯೊ ನಿಮ್ಮ ಹೈದರಾಬಾದಿಗೂ ಬಂದಿರಬೇಕು. ನೀನೂ ಬಂದಿದ್ದೆಯಲ್ಲ, ಆಗಸ್ಟ್ 24ರ ತೊಟ್ಟಿಲು, ಅವತ್ತಿನದು. ನಮ್ಮ ಅತ್ತೆ ಮುದಕಮ್ಮ ಕೂಸನ್ನು ಮೊರದಲ್ಲಿ ಮಲಗಿಸಿ, ಮುಂಬಾಗಿಲ ಹೊಸ್ತಿಲಿನಿಂದ ನೆರೆಮನೆಯ ಇಮಾಮಬೀಗೆ ಕೊಡುತ್ತಾರೆ. "ತಗೊಂಡು ಹೋಗವ್ವಾ, ನಮಗ ಬ್ಯಾಡ ಇದು" ಅನ್ನುತ್ತಾರೆ. ಇಮಾಮಬೀ ನನ್ನ ಸೆರಗಿನಲ್ಲಿ ಮುಷ್ಟಿ ಬಿಚ್ಚುತ್ತಾಳೆ. "ಇವತ್ತಿನಿಂದ ಈ ಕೂಸು ನಂದು. ನಾ ಕೊಂಡೀನಿ" ಎಂದು ಎತ್ತಿಕೊಂಡು ಓಣಿಗೆ ಇಳಿಯುತ್ತಾಳೆ. ಅಲ್ಲಿಗೆ ಮುಗಿಯಿತು. ಇಪ್ಪತ್ತೆಂಟು ಸೆಕೆಂಡು.

ಮುಷ್ಟಿಯಲ್ಲಿದ್ದದ್ದು ನುಚ್ಚು ಎಂದು ನಮಗೆ ಗೊತ್ತು. ನೋಡಿದವರಿಗೆ ನೋಟು ಕಂಡಿದೆ. ಅವಳು ಮನೆ ಸುತ್ತಿ ಹಿತ್ತಲ ಬಾಗಿಲಿಗೆ ಬಂದು, "ಇದು ನನ್ನ ಕೂಸು, ನೀವು ಬರೇ ಜೋಪಾನ ಮಾಡ್ರಿ" ಎಂದು ತಿರುಗಿ ನನ್ನ ಮಡಿಲಿಗೆ ಹಾಕಿದ್ದು ಅದರಲ್ಲಿ ಇಲ್ಲ. ಎರಡು ಕೂಸು ಹೋದ ಮನೆಯವರು ಮೂರನೆಯದನ್ನು ಮಕ್ಕಳೆಲ್ಲ ಬದುಕಿದ ತಾಯಿಗೆ ಮಾರುವುದು, ಅವಳದೇ ಎಂದು ಸಾಕುವುದು, ಹುಸೇನಪ್ಪ ಎಂದು ಹೆಸರಿಡುವುದು ನಮ್ಮ ಕಡೆ ಯಾರಿಗೆ ಹೊಸದು? ಓಣಿಗೊಬ್ಬ ಹುಸೇನಪ್ಪ, ಓಣಿಗೊಬ್ಬ ಫಕೀರಪ್ಪ ಇದ್ದಾನೆ. ಈಗ ಆ ಹೆಸರನ್ನೂ ಪುರಾವೆಗೆ ಸೇರಿಸಿಕೊಂಡಿದ್ದಾರೆ. ಹೆತ್ತವರು ಮಾರಿದರಂತೆ, ಸಾಬರ ಮುದುಕಿ ಕೊಂಡು ಸಾಗಿಸಿದಳಂತೆ.

ಮೊನ್ನೆ ಸೋಮವಾರ ಇಮಾಮಬೀ ಗಂಗಾವತಿಗೆ ಹೋಗಿದ್ದಳು, ಕೌದಿ ಹೊಲಿಯಲು ಹಳೆ ಸೀರೆ ತರಲು. ಬಸ್ ಸ್ಟ್ಯಾಂಡಿನಲ್ಲಿ ಯಾರೋ ಮುಖ ಗುರುತಿಸಿದರು. ಕ್ಷಣದಲ್ಲಿ ನಲವತ್ತು ಜನ. ಅವಳ ಗಂಟು ಕಿತ್ತು ಬಿಚ್ಚಿ, ಸೀರೆಗಳ ನಡುವೆ ಕೂಸು ಹುಡುಕಿದರಂತೆ. ಪೊಲೀಸರು ಬಂದದ್ದರಿಂದ ಜೀವ ಉಳಿಯಿತು. ಮನೆಗೆ ಬಂದವಳು ನನ್ನ ಮುಂದೆ ಕುಳಿತು ನೀರು ಕೇಳಿದಳು, ನಾನೇ ಕುಡಿಸಿದೆ.

ಇದನ್ನು ಹಾಕಿದವನು ಶರಣಕುಮಾರ ಅಂತ ನನ್ನ ಅನುಮಾನ. ಹಾಲೇಶನ ಚಿಕ್ಕಪ್ಪನ ಮಗ, ಗಂಗಾವತಿಯಲ್ಲಿ ಮೊಬೈಲ್ ಅಂಗಡಿ ಇಟ್ಟವನು. ಅವತ್ತೆಲ್ಲ ಫೋನು ಎತ್ತಿಕೊಂಡೇ ತಿರುಗುತ್ತಿದ್ದ.

ಅಕ್ಕಾ, ನೀನೂ ಅವತ್ತು ಫೋನಿನಲ್ಲಿ ಹಿಡಿದೆಯಲ್ಲ? ಹಿತ್ತಲ ಬಾಗಿಲಿನದು ನಿನ್ನ ಹತ್ತಿರ ಇದ್ದರೆ ಕಳಿಸು. ಅದೊಂದು ಸಿಕ್ಕರೆ ಇಮಾಮಬೀ ಉಳಿಯುತ್ತಾಳೆ. ನನಗೆ ಭಾಳ ಹೆದರಿಕೆ ಆಗಿದೆ.

ಮಲ್ಲೇಶ್ವರಿ

*

ಹೈದರಾಬಾದ್
9 ಸೆಪ್ಟೆಂಬರ್ 2025

ಮಲ್ಲೂ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ವಿಡಿಯೊ ಇಲ್ಲಿಗೂ ಬಂದಿದೆ. ಧೈರ್ಯ ಕಳೆದುಕೊಳ್ಳಬೇಡ. ಇಂಥದ್ದು ಹೇಗೆ ಏಳುತ್ತದೆ, ಹೇಗೆ ಇಳಿಯುತ್ತದೆ ಎಂಬುದನ್ನೇ ನಾನು ಎಂಟು ತಿಂಗಳಿಂದ ಬರೆಯುತ್ತಿದ್ದೇನೆ.

ನಾನು ಕನ್ನಡದ ಸಂಭಾಷಣೆ ಬರೆಯುವ ಆ ವಿದೇಶಿ ಧಾರಾವಾಹಿಯ ಬಗ್ಗೆ ತೊಟ್ಟಿಲ ದಿನ ಹೇಳಿದ್ದೆ, ನೀನು ಕೂಸಿಗೆ ಹಾಲೂಡಿಸುತ್ತಾ ಅರ್ಧ ಕೇಳಿದೆ. ಮುಂದಿನ ಕಾಲದ ಒಂದು ಊರು. ದಿನಾ ಸಂಜೆ ಎಲ್ಲರ ಫೋನಿಗೂ ಒಬ್ಬ ಆರೋಪಿಯ ಮುಖ ಬರುತ್ತದೆ, ಕೆಳಗೆ ಎರಡು ಗುಂಡಿ. ಕೆಂಪು ಒತ್ತಿದವರು ಹೆಚ್ಚಾದರೆ ಅವನಿಗೆ ಆ ಊರಲ್ಲಿ ಕುಡಿಯಲು ನೀರಿಲ್ಲ, ಕೆಲಸವಿಲ್ಲ, ಯಾರೂ ಬಾಗಿಲು ತೆರೆಯುವುದಿಲ್ಲ. ಒತ್ತುವವರು ರಾಕ್ಷಸರಲ್ಲ. ಅನ್ನಕ್ಕೆ ಇಟ್ಟು ಬಂದು ಒತ್ತುವ ಹೆಂಗಸರು, ಮಕ್ಕಳ ಪಾಠ ನೋಡುತ್ತಾ ಒತ್ತುವ ಗಂಡಸರು. ಒಬ್ಬ ಮೇಷ್ಟ್ರು ತಪ್ಪು ಮಾಡಿಲ್ಲವೆಂದು ಹತ್ತನೆಯ ಕಂತಿನಲ್ಲಿ ಗೊತ್ತಾಗುತ್ತದೆ. ಅಷ್ಟರಲ್ಲಿ ಜನ ಮುಂದಿನ ಮುಖಕ್ಕೆ ಹೋಗಿರುತ್ತಾರೆ, ಕೇಳುವವರೇ ಇರುವುದಿಲ್ಲ. ಆ ಕಂತು ಬರೆದ ದಿನ ನಾನು ಊಟ ಮಾಡಲಿಲ್ಲ.

ಅದರಿಂದ ಹೇಳುತ್ತೇನೆ, ಸುಮ್ಮನಿರಿ. ಯಾರಿಗೂ ಉತ್ತರ ಕೊಡಬೇಡಿ. ಉತ್ತರ ಕೊಟ್ಟಷ್ಟೂ ಬೆಳೆಯುತ್ತದೆ. ಹತ್ತು ದಿನದಲ್ಲಿ ಇನ್ನೊಬ್ಬರ ಮುಖ ಬರುತ್ತದೆ, ನಿಮ್ಮನ್ನು ಮರೆಯುತ್ತಾರೆ.

ನಾನು ಅವತ್ತು ಹಿಡಿದದ್ದು ಹೆಚ್ಚಾಗಿ ತೊಟ್ಟಿಲು ಮತ್ತು ಊಟದ ಪಂಕ್ತಿ. ಹಿತ್ತಲಿನದು ಇದೆಯೋ ಇಲ್ಲವೋ ಹುಡುಕುತ್ತೇನೆ. ಇನ್ನು ಶರಣಕುಮಾರನ ಮಾತು. ಯಾರು ಹಾಕಿದರು ಎಂದು ಈಗ ಹುಡುಕಿ ಏನು ಫಲ, ಮಲ್ಲೂ? ಆದದ್ದು ಆಯಿತು. ಪೊಲೀಸರು ತೊಟ್ಟಿಲಿಗೆ ಬಂದವರ ಹೆಸರುಗಳನ್ನೇನಾದರೂ ಬರೆದುಕೊಂಡರೇ? ತಿಳಿಸು.

ಕೂಸಿನ ಮೈ ಬೆಚ್ಚಗಿಡು.

ಸುರೇಖಾ

*

ಮರಳಿ
15 ಸೆಪ್ಟೆಂಬರ್ 2025

ಅಕ್ಕಾ,

ಸುಮ್ಮನಿದ್ದೆವು. ಬಾಯಿ ಬಿಡದೇ ಇರುವುದೇ ತಪ್ಪೊಪ್ಪಿಗೆ ಎಂದು ಬರೆದರಂತೆ. ನಿನ್ನ ಧಾರಾವಾಹಿಯ ಊರಲ್ಲಿ ಗುಂಡಿಯಾದರೂ ಎರಡಿವೆ.

ಶುಕ್ರವಾರ ಮಧ್ಯಾಹ್ನ ಎರಡು ಕಾರು ಬಂದವು. ನಮ್ಮ ಕಡೆಯವರಲ್ಲ, ಮಾತಿನಿಂದಲೇ ಗೊತ್ತಾಯಿತು. ಹನ್ನೊಂದು ಜನ, ಎಲ್ಲರ ಕೈಯಲ್ಲೂ ಎತ್ತಿದ ಫೋನು. ನಡೆಯುವಾಗಲೂ ಅದಕ್ಕೇ ಮಾತನಾಡುತ್ತಿದ್ದರು, ನಾವು ಎದುರಿಗಿದ್ದರೂ ನಮಗಲ್ಲ. ಇಮಾಮಬೀಯ ಮನೆ ಯಾವುದೆಂದು ಸಾಲಿ ಬಿಟ್ಟು ಬರುತ್ತಿದ್ದ ಮಕ್ಕಳನ್ನು ಕೇಳಿದರು. ಮಕ್ಕಳು ತೋರಿಸಿದವು. ಬೀಗ ಒಡೆದು ಒಳಗೆ ಹೋದರು, ಪಾತ್ರೆ ಉರುಳಿಸಿದರು, ಹೊಲಿದಿಟ್ಟಿದ್ದ ಕೌದಿಗಳನ್ನು ಓಣಿಗೆ ಎಳೆದರು. ಊರವರು ಕಟ್ಟೆಯ ಮೇಲೆ ನಿಂತು ನೋಡಿದರು. ಅವರಿಗೂ ಹೆದರಿಕೆ, ಬೈಯಲಾರೆ, ಆದರೂ ಮನಸ್ಸಿನಲ್ಲಿ ಬೈಯುತ್ತಿದ್ದೇನೆ.

ಇಮಾಮಬೀ ಅಷ್ಟೊತ್ತಿಗೆ ನಮ್ಮ ಅಟ್ಟದ ಮೇಲೆ, ಭತ್ತದ ಚೀಲಗಳ ಹಿಂದಿದ್ದಳು. ಎರಡು ದಿನದಿಂದ ಅಲ್ಲೇ ಇದ್ದಳು. ತನ್ನ ಮನೆಯ ಬೀಗ ಒಡೆಯುವ ಸದ್ದು ಅವಳಿಗೆ ಮೇಲಿಂದ ಕೇಳುತ್ತಿತ್ತು.

ಆಮೇಲೆ ನಮ್ಮ ಅಂಗಳಕ್ಕೆ ಬಂದರು. ಒಬ್ಬ ನನ್ನ ತೊಡೆಯ ಮೇಲಿದ್ದ ಕೂಸಿನ ಹೊದಿಕೆ ಸರಿಸಿ, ಅದರ ಮುಖಕ್ಕೆ ಫೋನು ಹಿಡಿದ. ಇದು ನಿನ್ನದೇ ಅನ್ನುವುದಕ್ಕೆ ಏನು ಪುರಾವೆ, ಹೇಳು, ಕ್ಯಾಮೆರಾ ನೋಡಿ ಹೇಳು ಎಂದ. ಅಕ್ಕಾ, ಈ ಕೂಸನ್ನು ನನ್ನದು ಎಂದು ನಾನು ಬಾಯಿಬಿಟ್ಟು ಅನ್ನಬಾರದು, ನಿನಗೆ ಗೊತ್ತು. ಅಂದುಬಿಟ್ಟರೆ ಮಾರಿದ್ದು ಮುರಿದಂತೆ, ಕೂಸಿನ ಜೀವಕ್ಕೆ ಕೇಡು. ಅನ್ನದಿದ್ದರೆ ಎತ್ತಿಕೊಂಡು ಹೋಗುವವರ ಹಾಗೆ ನಿಂತಿದ್ದರು. "ನಂದು" ಎಂದೆ. ಕೇಳಲಿಲ್ಲ, ಜೋರಾಗಿ ಹೇಳು ಎಂದ. ಮತ್ತೆ ಎಂದೆ. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಬಂದವರು ಅಷ್ಟನ್ನು ಫೋನಿನಲ್ಲಿ ಹಿಡಿದುಕೊಂಡು ಕಾರು ಹತ್ತಿದರು. ಅವತ್ತೇ ಸಂಜೆ ಕೂಸಿಗೆ ಜ್ವರ ಬಂತು. ಓದಿದವಳು ನಾನು, ಸಾಲಿಯಲ್ಲಿ ವಿಜ್ಞಾನ ಹೇಳುವವಳು, ಎರಡು ದಿನ ಅದರ ಉಸಿರು ಎಣಿಸುತ್ತಾ ಕುಳಿತೆ. ಈಗ ಇಳಿದಿದೆ.

ಶರಣಕುಮಾರನ ವಿಷಯ ಮುಗಿಸಿದೆವು. ಅವನ ಅಂಗಡಿಗೇ ಹೋಗಿ ನಾಲ್ಕು ಜನರ ಮುಂದೆ ನಾನೇ ಬೈದೆ, ಬಾಯಿಗೆ ಬಂದದ್ದೆಲ್ಲ ಅಂದೆ. ಹಾಲೇಶ ಅವನ ಫೋನು ಕಸಿದು ಕಾಲುವೆಗೆ ಎಸೆದ. ಅವನು ಕೂಸಿನ ಮೇಲೆ ಆಣೆ ಮಾಡಿದ. ಕೂಸಿನ ಹೆಸರು ಎತ್ತಬೇಡ ಎಂದು ಇನ್ನೂ ಬೈದೆ. ಅವನ ಅಂಗಡಿಗೆ ಈಗ ಯಾರೂ ಹತ್ತುತ್ತಿಲ್ಲವಂತೆ. ಸಮಾಧಾನವಾಯಿತು.

ಇಮಾಮಬೀಯನ್ನು ಶನಿವಾರ ಕುಷ್ಟಗಿಗೆ ದಾಟಿಸಿದೆವು, ಮಗಳು ಮುನ್ನಿಯ ಮನೆಗೆ. ಠಾಣೆಯ ಸಾಹೇಬರು ಒಳ್ಳೆಯವರು. "ಇನ್ನರ್ಧ ವಿಡಿಯೊ ಇದ್ರ ತರ್ರಿ, ನಮ್ಮ ಇಲಾಖೆಯಿಂದನ ಹಾಕ್ತೀವಿ, ಒಂದ ದಿನದಾಗ ಬಾಯಿ ಮುಚ್ಚತಾವು" ಎಂದರು. ಹುಡುಕಿದೆಯಾ? ಸಿಕ್ಕಿದ್ದರೆ ಒಂದು ಮೆಮೊರಿ ಕಾರ್ಡಿನಲ್ಲಿ ಹಾಕಿ ಸ್ಪೀಡ್ ಪೋಸ್ಟ್ ಮಾಡು. ನಿನ್ನ ಕಾಲಿಗೆ ಬೀಳುತ್ತೇನೆ.

ಮಲ್ಲೇಶ್ವರಿ

*

ಹೈದರಾಬಾದ್
19 ಸೆಪ್ಟೆಂಬರ್ 2025

ಮಲ್ಲೂ,

ಆತುರದಲ್ಲಿ ಬರೆಯುತ್ತಿದ್ದೇನೆ. ನನ್ನ ಫೋನು ರಿಪೇರಿಗೆ ಹೋಗಿದೆ, ಹಳೆಯದೆಲ್ಲ ಅದರಲ್ಲೇ ಇದೆ, ತಡವಾಗುತ್ತದೆ ಅನ್ನುತ್ತಿದ್ದಾರೆ. ಅದನ್ನೇ ನೆಚ್ಚಿ ಕೂರುವುದು ಬೇಡ.

ಅದಕ್ಕೆ ಬದಲು ಒಂದು ಉಪಾಯ. ಈ ಕಾಗದದ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಪದ್ಧತಿ ಏನು, ಯಾಕೆ ಮಾಡುತ್ತಾರೆ, ಎಲ್ಲ ಅದರಲ್ಲಿದೆ. ನೀನು ಸಾಹೇಬರ ಎದುರು ಕುಳಿತು ಓದು, ಅವರು ಹಿಡಿದು ಹಾಕಲಿ. ಮೂರನೆಯ ಸಾಲಿನ ನಂತರ ಸ್ವಲ್ಪ ತಡೆ. ತೀರಿಹೋದ ಎರಡು ಮಕ್ಕಳ ಮಾತು ಬಂದಾಗ ತಲೆ ತಗ್ಗಿಸು, ಆದರೆ ಅಳಬೇಡ. ಅತ್ತರೆ ನಾಟಕ ಅನ್ನುತ್ತಾರೆ.

ಇಲ್ಲೂ ಸುಖವಿಲ್ಲ. ನಮ್ಮ ಧಾರಾವಾಹಿ ನೋಡಿ, ಮೇಷ್ಟ್ರ ಕಂತಿಗೆ ಅತ್ತೆವು ಎಂದು ಬರೆದವರ ಹೆಸರುಗಳು ನನಗೆ ಗುರುತಿವೆ, ಅವನ್ನೆಲ್ಲ ಓದುವುದು ನನ್ನ ಕೆಲಸ. ಅದೇ ಹೆಸರುಗಳು ಇಮಾಮಬೀಯ ವಿಡಿಯೊದ ಕೆಳಗೂ ಇವೆ. ಕೈ ಕತ್ತರಿಸಿ ಎಂದು ಬರೆದ ಹೆಂಗಸು, ಹಿಂದಿನ ವಾರ ಇಂಥ ಜನರೂ ಇರುತ್ತಾರಾ ಎಂದು ಮೇಷ್ಟ್ರಿಗಾಗಿ ಮರುಗಿದ್ದಳು. ಮೀಟಿಂಗಿನಲ್ಲಿ ನಮ್ಮ ದೊಡ್ಡವರು, ಗಂಗಾವತಿಯ ಗಲಾಟೆ ಬಿಸಿ ಇರುವಾಗಲೇ ಹೊಸ ಪ್ರೋಮೋ ಬಿಡೋಣ ಎಂದರು. ಅದಕ್ಕೆ ಸಾಲು ಬರೆಯಲು ನನಗೇ ಹೇಳಿದರು. ಬರೆದೆ. ಬರೆಯದಿದ್ದರೆ ಯಾಕೆ ಎಂದು ಕೇಳುತ್ತಿದ್ದರು.

ಇಮಾಮಬೀ ಕುಷ್ಟಗಿಯಲ್ಲೇ ಇರಲಿ, ಅಲ್ಲಿ ಯಾರಿಗೂ ಗೊತ್ತಾಗದು. ಠಾಣೆಯಲ್ಲಿ ನನ್ನ ಹೆಸರು ಹೇಳಿದ್ದೀಯಾ? ಹೇಳಿದ್ದರೂ ತಪ್ಪಿಲ್ಲ, ಸುಮ್ಮನೆ ಕೇಳಿದೆ.

ಸುರೇಖಾ

*

ಮರಳಿ
27 ಸೆಪ್ಟೆಂಬರ್ 2025

ಅಕ್ಕಾ,

ನಿನ್ನ ಹಾಳೆ ಓದಿದೆ. ಹೇಳಿದಲ್ಲಿ ತಡೆದೆ, ಹೇಳಿದಲ್ಲಿ ತಲೆ ತಗ್ಗಿಸಿದೆ, ಅಳಲಿಲ್ಲ. ಸಾಹೇಬರು ಹಾಕಿದರು. ಇದು ಯಾರೋ ಬರೆದುಕೊಟ್ಟದ್ದು, ಹಳ್ಳಿ ಹೆಂಗಸು ಹೀಗೆ ಮಾತನಾಡುತ್ತಾಳಾ ಎಂದರಂತೆ. ಕಣ್ಣಲ್ಲಿ ನೀರಿಲ್ಲದ ತಾಯಿ ಎಂದರಂತೆ. ಹೆತ್ತ ಎರಡನ್ನೂ ಮೊದಲೇ ಮಾರಿರಬೇಕು ಎಂದು ಒಬ್ಬ ಬರೆದನಂತೆ. ಅದನ್ನು ಹಾಲೇಶ ನನಗೆ ಹೇಳಬಾರದಿತ್ತು, ಹೇಳಿಬಿಟ್ಟ. ಕಾಲುವೆ ಏರಿಯ ಮೇಲೆ ಕೈಯಾರೆ ಮಣ್ಣು ಮಾಡಿದ್ದೇವೆ ಆ ಎರಡನ್ನೂ. ಇಡೀ ದಿನ ಅಡುಗೆಮನೆಯ ಬಾಗಿಲು ಹಾಕಿಕೊಂಡು ಕುಳಿತೆ.

ಕುಷ್ಟಗಿಯಲ್ಲೂ ಗೊತ್ತಾಯಿತು. ಮುನ್ನಿಯ ಗಂಡ ಶಬ್ಬೀರಸಾಬನ ಗ್ಯಾರೇಜಿನ ಫೋಟೊ, ನಂಬರು, ದಾರಿ ಎಲ್ಲ ಹಾಕಿದ್ದಾರೆ. ಮಂಗಳವಾರ ಇಮಾಮಬೀ ಮುಖದ ತುಂಬ ಸೆರಗು ಹೊದ್ದು ಮುಂಜಾನೆ ನೀರಿಗೆ ಹೋಗಿದ್ದಾಳೆ. ನಳದ ಹತ್ತಿರ ಸೆರಗು ಜಾರಿ, ಕೂಸೆತ್ತಿಕೊಂಡ ಒಬ್ಬ ಹೆಂಗಸು ಅವಳ ಮುಖ ಕಂಡು ಕೂಗಿಕೊಂಡಳು. ಇವಳೇ, ಮಕ್ಕಳನ್ನು ಕೊಳ್ಳುವವಳು. ಹೊಡೆದವರು ಹೆಂಗಸರೇ. ಬಲಗೈ ಎರಡು ಕಡೆ ಮುರಿದಿದೆ. ಕೌದಿ ಹೊಲಿಯುವ ಕೈ. ಅವಳನ್ನು ಬಿಡಿಸಲು ಹೋದ ಮುನ್ನಿಗೂ ಏಟು ಬಿದ್ದಿದೆ.

ಇನ್ನೊಂದು ವಿಷಯ. ತೊಟ್ಟಿಲ ದಿನದ ಫೋಟೊ ಆಲ್ಬಮ್ ಸ್ಟುಡಿಯೊದಿಂದ ನಿನ್ನೆ ಬಂತು. ಇಮಾಮಬೀ ಮೊರ ಹಿಡಿದು ಇಳಿಯುತ್ತಿರುವ ಫೋಟೊ ಇದೆ. ಅದರಲ್ಲಿ ಶರಣಕುಮಾರ ಪಂಕ್ತಿಯಲ್ಲಿದ್ದಾನೆ, ಎರಡೂ ಕೈಯಲ್ಲಿ ಸಾರಿನ ಬಕೀಟು. ಹೊಸ್ತಿಲ ಬಲಗಡೆ, ಆ ವಿಡಿಯೊ ಯಾವ ಜಾಗದಿಂದ ಕಾಣುತ್ತದೆಯೋ ಅದೇ ಜಾಗದಲ್ಲಿ, ನೀಲಿ ಸೀರೆ ಉಟ್ಟು ಫೋನು ಹಿಡಿದು ನೀನು ನಿಂತಿದ್ದೀ.

ಅಕ್ಕಾ, ನಾನು ಏನೂ ಕೇಳುತ್ತಿಲ್ಲ. ಹಿತ್ತಲಿನದನ್ನು ಕಳಿಸು.

ಮಲ್ಲೇಶ್ವರಿ

*

ಹೈದರಾಬಾದ್
1 ಅಕ್ಟೋಬರ್ 2025

ಮಲ್ಲೂ,

ನಾನೇ.

ಫೋನು ರಿಪೇರಿಗೆ ಹೋಗಿರಲಿಲ್ಲ. ನಿನಗೆ ಸುಳ್ಳು ಬರೆದೆ. ಎರಡು ವರ್ಷದಿಂದ ನಮ್ಮ ಕಡೆಯ ಪದ್ಧತಿಗಳನ್ನು ತೋರಿಸುವ ಒಂದು ಪುಟ ನಡೆಸುತ್ತಿದ್ದೆ, ಹೆಸರು ಹಾಕದೆ. ಇಲ್ಲಿಯವರಿಗೆ ನಮ್ಮೂರು ತೋರಿಸುವ ಹಂಬಲ. ಅವತ್ತು ಮುಂಬಾಗಿಲಿನದನ್ನು ಹಿಡಿದು, ಮನೆಯೊಳಗಿಂದ ಓಡಿ ಹಿತ್ತಲಿನದನ್ನೂ ಹಿಡಿದೆ. ಎರಡೂ ಇದ್ದವು, ಎರಡೂ ಚೆನ್ನಾಗಿ ಬಂದಿದ್ದವು.

ಒಟ್ಟಿಗೆ ಹಾಕಬಹುದಿತ್ತು. ಹಾಕಲಿಲ್ಲ. ಸಂಭಾಷಣೆಯ ಜೊತೆಗೆ ಪ್ರೋಮೋ ಕತ್ತರಿಸುವುದೂ ನನ್ನದೇ ಕೆಲಸ. ನೋಡುವವರ ಉಸಿರು ಸಿಕ್ಕಿಕೊಂಡಲ್ಲಿ ಕತ್ತರಿಸು, ಬಿಡಿಸುವುದು ನಾಳೆಗಿರಲಿ. ಆರು ವರ್ಷದಿಂದ ಕೈ ಅದನ್ನೇ ಮಾಡುತ್ತದೆ. ನಾ ಕೊಂಡೀನಿ ಎಂದು ಅವಳು ಓಣಿಗೆ ಇಳಿದಳು, ಅಲ್ಲಿ ಕತ್ತರಿಸಿದೆ. ಮುಂದಿನ ಭಾಗ ನಾಳೆ ಎಂದು ಬರೆದೆ. ಯಾರೋ ಅದನ್ನು ತೆಗೆದು ಮಗು ಮಾರಾಟ ಎಂದು ಬರೆದು ಹಂಚಿದರು.

ಬೆಳಿಗ್ಗೆ ಎದ್ದು ನೋಡಿದಾಗ ಎರಡು ಲಕ್ಷ ಜನ ನೋಡಿದ್ದರು. ಮಲ್ಲೂ, ಮೊದಲು ನನಗೆ ಖುಷಿಯಾಯಿತು. ಚಹಾ ಸೋಸುತ್ತಾ ಒಬ್ಬಳೇ ನಕ್ಕೆ. ಆಮೇಲೆ ಕೆಳಗಿನದನ್ನು ಓದಿದೆ. ನಿಂತು ವಿಡಿಯೊ ಹಿಡಿದವಳನ್ನು ಮೊದಲು ಹಿಡಿಯಿರಿ, ಬಳೆಯ ಸದ್ದು ಕೇಳುತ್ತದೆ, ಅವಳೂ ಹೆಂಗಸೇ ಎಂದು ಒಬ್ಬ ಬರೆದಿದ್ದ. ಅದಕ್ಕೆ ಹದಿನಾಲ್ಕು ಸಾವಿರ ಜನ ಹೌದು ಎಂದಿದ್ದರು. ಕೈಯಲ್ಲಿದ್ದ ಬಳೆ ತೆಗೆದಿಟ್ಟೆ. ಉಳಿದ ಅರ್ಧ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದು ಗೊತ್ತಿತ್ತು. ಹಾಕಿದರೆ ಹಿಡಿದವಳು ನಾನು ಎಂದೂ ಗೊತ್ತಾಗುತ್ತಿತ್ತು. ಪುಟ ಅಳಿಸಿದೆ. ಎರಡೂ ವಿಡಿಯೊ ಅಳಿಸಿದೆ. ಅಳಿಸಿದ್ದು ಹೋಗಿ ಕೂರುವ ಜಾಗದಿಂದಲೂ ಅಳಿಸಿದೆ. ಮುಂಬಾಗಿಲಿನದು ಅಷ್ಟರಲ್ಲಿ ಲಕ್ಷ ಫೋನುಗಳಲ್ಲಿತ್ತು. ಹಿತ್ತಲಿನದು ನನ್ನೊಬ್ಬಳ ಹತ್ತಿರ ಇತ್ತು, ಅದು ಹೋಯಿತು.

ನಿನ್ನ ಮೊದಲ ಕಾಗದ ಬರುವ ಹೊತ್ತಿಗೇ ನನ್ನ ಹತ್ತಿರ ಕಳಿಸಲು ಏನೂ ಇರಲಿಲ್ಲ. ಮೂರು ಅಂಗಡಿ ಸುತ್ತಿದೆ, ತಿರುಗಿ ತರಲು ಆಗುವುದಿಲ್ಲ ಎಂದರು. ಶರಣಕುಮಾರನನ್ನು ನೀನು ಬೈದದ್ದು ಓದಿದ ದಿನವಾದರೂ ಹೇಳಬೇಕಿತ್ತು. ಓದಿ, ಸದ್ಯ ಅವನ ಮೇಲೆ ಹೋಯಿತು ಎಂದುಕೊಂಡೆ. ಅಷ್ಟು ಕೆಟ್ಟವಳು ನಾನು.

ಬೀದಿಯಲ್ಲಿ ಯಾರಾದರೂ ಫೋನು ಎತ್ತಿದರೆ ಮುಖ ತಿರುಗಿಸುತ್ತೇನೆ. ಬರಲಾ, ಮಲ್ಲೂ? ಬಂದರೆ ನನ್ನನ್ನು ಏನು ಮಾಡುತ್ತಾರೆ?

ಸುರೇಖಾ

*

ಮರಳಿ
7 ಅಕ್ಟೋಬರ್ 2025

ಅಕ್ಕಾ,

ನಿನ್ನ ಕಾಗದ ನಿನ್ನೆ ಬಂತು. ಅದು ಬರುವ ಮೊದಲೇ ಭಾನುವಾರ ನಾವು ಕುಷ್ಟಗಿಗೆ ಹೋಗಿ ಬಂದೆವು. ಮೊದಲು ಅದನ್ನು ಕೇಳು.

ಹಳೆಯದು ಸಿಗದಿದ್ದರೆ ಹಿತ್ತಲಿನ ಭಾಗವನ್ನು ಹೊಸದಾಗಿ ಮಾಡಿ ತೋರಿಸಿ, ನಾವು ಹಿಡಿಯುತ್ತೇವೆ ಎಂದು ಸಾಹೇಬರು ಹೇಳಿದರು. ಒಬ್ಬ ಹೆಣ್ಣು ಪೇದೆಯನ್ನು ಜೊತೆಗೆ ಕಳಿಸಿದರು. ನಾನು, ಅತ್ತೆ, ಕೂಸು. ಮುನ್ನಿಯ ಮನೆಗೆ ಹಿತ್ತಲಿಲ್ಲ, ಮುಂದಿನ ಬಾಗಿಲನ್ನೇ ಹಿತ್ತಲು ಎಂದುಕೊಂಡೆವು. ಅತ್ತೆ ಮನೆಯಿಂದ ಮೊರ ತಂದಿದ್ದರು, ನುಚ್ಚು ತಂದಿದ್ದರು.

ಇಮಾಮಬೀ ಗೋಡೆ ಹಿಡಿದು ಕುಳಿತಿದ್ದಳು, ಬಲಗೈ ಪಟ್ಟಿಯಲ್ಲಿ. ಅವಳ ಮುಖ ಅರ್ಧ ಆಗಿದೆ ಅಕ್ಕಾ. ಕೂಸನ್ನು ಕಂಡು ಎಡಗೈ ಮುಂದೆ ಬಂತು. ಆಗ ಪೇದೆ ಹಿಡಿಯಲೆಂದು ಫೋನು ಎತ್ತಿದಳು. ಇಮಾಮಬೀ ಕೈ ಹಿಂದಕ್ಕೆ ಎಳೆದುಕೊಂಡು ಸೆರಗಿನೊಳಗೆ ಮುಚ್ಚಿಟ್ಟಳು. ಅತ್ತೆ ಮೊರ ಮುಂದೆ ಚಾಚಿ ಬೇಡಿದರು, ಒಂದೇ ಸಲ ಹಿಡಿ, ಒಂದೇ ಮಾತು ಅನ್ನು, ನಿನ್ನದೇ ಒಳ್ಳೆಯದಕ್ಕೆ ಎಂದರು. ಅವಳು ಪೇದೆಯ ಕಡೆ ತಿರುಗಿದಳು.

"ಈ ಕೂಸು ಯಾರದೋ ನನಗ ಗೊತ್ತಿಲ್ರಿ. ನಾ ಏನೂ ಕೊಂಡಿಲ್ಲ. ಇವರ ಗುರ್ತ ಇಲ್ಲ ನನಗ. ಹಂಗಂತ ಬರಕೊಳ್ರಿ."

ಹದಿನೇಳು ವರ್ಷದ ನೆರೆಮನೆ. ನನ್ನ ಮೊದಲ ಎರಡೂ ಹೆರಿಗೆಯಲ್ಲಿ ನನ್ನ ತಲೆ ಹಿಡಿದು ಕುಳಿತವಳು. ಅತ್ತೆ ಮೊರ ಹಿಡಿದುಕೊಂಡೇ ನಿಂತಿದ್ದರು. ಬಸ್ಸಿನಲ್ಲಿ, "ಹಂಗಾದ್ರ ಈಗ ಕೂಸು ಯಾರದಾತು ಮಲ್ಲೇಶಿ?" ಎಂದು ಕೇಳಿದರು. ನನ್ನದು ಎಂದು ಒಮ್ಮೆ ಅಂದಾಯಿತು, ಜ್ವರ ಬಂತು. ಅವಳದು ಎಂದರೆ ಅವಳು ಒಲ್ಲೆ ಅಂದಳು.

ಇನ್ನು ನಿನ್ನ ಕಾಗದ. ಓದಿ, ಮಡಿಚಿ, ನೇರ ಶರಣಕುಮಾರನ ಮನೆಗೆ ಹೋದೆ. ಯಾರ ಹೆಸರೂ ಹೇಳದೆ ತಪ್ಪಾಯಿತು ಎಂದೆ. ಕುಳಿತುಕೊ ಎಂದೂ ಅವನು ಅನ್ನಲಿಲ್ಲ. ಅಂಗಡಿ ಮುಚ್ಚಿದ್ದಾನೆ. ನಾನೂ ಒತ್ತಿದವಳೇ ಅಕ್ಕಾ, ಆ ಕೆಂಪು ಗುಂಡಿ. ಒಂದು ಮಾತು ಕೇಳದೆ ಒತ್ತಿದೆ, ಒತ್ತಿ ಸಮಾಧಾನವಾಯಿತು ಎಂದು ನಿನಗೇ ಬರೆದೆ.

ನಿನ್ನ ಕಾಗದವನ್ನು ಹಾಲೇಶನಿಗೆ ತೋರಿಸಿಲ್ಲ. ತೋರಿಸಿದರೆ ಸಂಜೆಯೊಳಗೆ ನಿನ್ನ ಮುಖ ಎಲ್ಲರ ಫೋನಿನಲ್ಲಿರುತ್ತದೆ. ಅವರು ನಿನ್ನನ್ನು ಏನು ಮಾಡುತ್ತಾರೆಂದು ನನಗೆ ಚೆನ್ನಾಗಿ ಗೊತ್ತು, ಅದಕ್ಕೇ ಹೆದರುತ್ತೇನೆ. ಇನ್ನೊಂದಕ್ಕೂ ಹೆದರುತ್ತೇನೆ. ನಿನ್ನೆಯಿಂದ ಎರಡು ಸಲ ಅಕ್ಕಿ ಡಬ್ಬಿಗೆ ಕೈ ಹಾಕಿದೆ, ಫೋನು ತೆಗೆದು ನಿನ್ನ ಹೆಸರನ್ನು ನಾನೇ ಹಾಕಿಬಿಡೋಣ ಎಂದು.

ಹಾಕುವುದಿಲ್ಲ. ಸೋಮವಾರ, 13ಕ್ಕೆ, ಹೇಳಿಕೆ ಕೊಡಲು ಹತ್ತು ಗಂಟೆಗೆ ಠಾಣೆಗೆ ಕರೆದಿದ್ದಾರೆ. ಯಾರು ಹಿಡಿದದ್ದು ಎಂದು ಸಾಹೇಬರು ಕೇಳುತ್ತಾರೆ. ನೀನು ಬಂದರೆ ನೀನೇ ಹೇಳು. ಬರದಿದ್ದರೆ ನಾನು ಹೇಳುತ್ತೇನೆ, ಠಾಣೆಯಲ್ಲಿ, ಬರೆದುಕೊಳ್ಳುವವರಿಗೆ, ಬೇರೆ ಎಲ್ಲೂ ಅಲ್ಲ. ಬರುವುದಾದರೆ ಮೊದಲು ಕುಷ್ಟಗಿಗೆ ಹೋಗು. ಅವಳ ಮುಂದೆ ಹೇಳಿ ಬಾ.

ಮಲ್ಲೇಶ್ವರಿ

*

ಕುಷ್ಟಗಿ
12 ಅಕ್ಟೋಬರ್ 2025, ಭಾನುವಾರ

ಮಲ್ಲೂ,

ನಾಳೆ ಠಾಣೆಯ ಬಾಗಿಲಲ್ಲಿ ನಿನ್ನ ಮುಖ ನೋಡಿ ಇದನ್ನು ಹೇಳಲು ನನಗೆ ಆಗುವುದಿಲ್ಲ. ಬರೆದು ನಿನ್ನ ಕೈಗೇ ಕೊಡುತ್ತೇನೆ.

ಮುನ್ನಿ ಬಾಗಿಲನ್ನು ಒಂದು ಗೇಣು ತೆರೆದಳು. ಮಲ್ಲೇಶ್ವರಿಯ ಅಕ್ಕ ಎಂದೆ. ಫೋನು ಹೊರಗಿಡು ಎಂದಳು. ಕಟ್ಟೆಯ ಮೇಲಿಟ್ಟು ಒಳಗೆ ಹೋದೆ.

ಇಮಾಮಬೀ ಮಲಗಿದ್ದಳು, ಎದ್ದು ಕುಳಿತಳು. ನಾನು ಪೀಠಿಕೆ ಯೋಚಿಸಿಕೊಂಡು ಬಂದಿದ್ದೆ. ಹಾಳೆಯಲ್ಲಿ ಬರೆದುಕೊಂಡೇ ಬಂದಿದ್ದೆ. ತೆಗೆಯಲಿಲ್ಲ. ಹಿಡಿದದ್ದು ನಾನು, ಹಾಕಿದ್ದು ನಾನು, ಅರ್ಧ ಕತ್ತರಿಸಿದ್ದು ನಾನು, ಉಳಿದದ್ದನ್ನು ಅಳಿಸಿದ್ದೂ ನಾನು ಎಂದೆ. ಯಾಕೆ ಅಳಿಸಿದೆ ಎಂದೂ ಹೇಳಿದೆ, ನನ್ನ ಜೀವಕ್ಕೆ ಹೆದರಿ ಎಂದು. ಮುನ್ನಿ ಅಳುತ್ತಾ ಎದ್ದು ಒಳಗೆ ಹೋದಳು. ಶಬ್ಬೀರಸಾಬ ಬಾಗಿಲಲ್ಲೇ ನಿಂತಿದ್ದ, ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದರೆ ಸಾಕು ಎಂದುಕೊಂಡೆ. ಅವನು ಹೊಡೆಯಲಿಲ್ಲ.

ಇಮಾಮಬೀ ಮುರಿದ ಕೈಯನ್ನು ಇನ್ನೊಂದು ಕೈಯಿಂದ ನೇವರಿಸುತ್ತಾ ಕುಳಿತಳು. ಬೈಯಲಿಲ್ಲ. ಒಂದೇ ಒಂದು ಕೇಳಿದಳು.

"ಹಿತ್ತಲದಾಗ ಮಲ್ಲಿ ಮಡಲಿಗೆ ಹಾಕೂ ಮೊದಲ ಕೂಸಿನ ನೆತ್ತಿಗೆ ಮುತ್ತು ಕೊಟ್ಟಿದ್ದೆ ನಾ. ಅದೂ ಅದರಾಗ ಇತ್ತೇನವ್ವಾ?"

ಇತ್ತು ಎಂದೆ.

"ಅದನ್ನೂ ಅಳಿಸಿದಿ?"

ಹೌದು ಎಂದೆ.

ಅವಳು ತಲೆಯಾಡಿಸಿ ಗೋಡೆಯ ಕಡೆ ಹೊರಳಿ ಮಲಗಿದಳು. ಇನ್ನು ಆ ಮನೆಗೆ ಬರೂದಿಲ್ಲ ಅಂತ ಮಲ್ಲಿಗೆ ಹೇಳು ಎಂದಳು.

ನಾನು ನಾಳೆ ಹತ್ತಕ್ಕೆ ಮೊದಲೇ ಬಂದಿರುತ್ತೇನೆ.

ಸುರೇಖಾ